ಕಿಟಕಿಗೆ ಫ್ರಾಸ್ಟೆಡ್ ಫಿಲ್ಮ್, ದೇವರ ಮನೆ ಗಾಜಿಗೆ ಅತ್ತೆಯ ರಂಗೋಲಿ: ಹದಿನಾಲ್ಕು ತಿಂಗಳ ಮೇಲೆ ಬರೆದದ್ದು

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಪಕ್ಕದ ಸೈಟು ತುಂಬಾ ವರ್ಷ ಖಾಲಿ ಇತ್ತು. ಅಲ್ಲಿ ಮನೆ ಎದ್ದಾಗ ಅವರ ಹೊರಗಿನ ಮೆಟ್ಟಿಲು ಸರಿಯಾಗಿ ನಮ್ಮ ಊಟದ ಟೇಬಲ್ ಪಕ್ಕದ ಕಿಟಕಿಗೆ ಎದುರಾಗಿ ಬಂತು. ಮಹಡಿಗೆ ಬಾಡಿಗೆಗೆ ಬಂದವರು ಒಳ್ಳೆಯ ಜನ. ಆದರೂ ಹತ್ತಿ ಇಳಿಯುವಾಗೆಲ್ಲ ನಮ್ಮ ತಟ್ಟೆಯಲ್ಲಿ ಏನಿದೆ ಅಂತ ಅವರಿಗೆ ಕಾಣುತ್ತಿತ್ತು. ಅವರು ಪಾಪ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಪರದೆ ಎಳೆದರೆ ಬೆಳಗ್ಗೆ ಎಂಟು ಗಂಟೆಗೇ ಟ್ಯೂಬ್‌ಲೈಟ್ ಹಾಕಬೇಕು. ಬೆಳಕು ಬರಬೇಕು, ಒಳಗಿನದು ಕಾಣಬಾರದು. ಅಷ್ಟೇ ನನಗೆ ಬೇಕಾಗಿದ್ದದ್ದು.

ಗಾಜಿನ ಅಂಗಡಿಯಲ್ಲಿ ಕೇಳಿದೆ. ಎರಡು ಬಾಗಿಲಿನ ಗಾಜು ತೆಗೆದು ಫ್ರಾಸ್ಟೆಡ್ ಗ್ಲಾಸ್, ಅಂದರೆ ಮಂಜು ಕವಿದ ಹಾಗೆ ಕಾಣುವ ಗಾಜು, ಕೂರಿಸಲು 3,200 ರೂಪಾಯಿ ಅಂದರು. ಇರುವ ಗಾಜು ಚೆನ್ನಾಗಿಯೇ ಇತ್ತು. ಅದನ್ನು ಎಸೆಯಲು ಮನಸ್ಸು ಬರಲಿಲ್ಲ. ಹಾಗಾಗಿ ಮನೆಯಲ್ಲೇ ಮಾಡುವ ದಾರಿ ಹುಡುಕಿದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಉಜ್ಜಿ ಮಂಜು ಮಾಡಿದ ಗಾಜಿನ ಮೇಲೆ (ಫ್ರಾಸ್ಟೆಡ್ ಗ್ಲಾಸೂ ಇಂಥದ್ದೇ) ಸೆಲ್ಲೋಟೇಪ್ ಅಂಟಿಸಿ ಮಕ್ಕಳಿಗೆ ತೋರಿಸುತ್ತೇನೆ. ಟೇಪ್ ಅಂಟಿದ ಜಾಗದಲ್ಲಿ ಮಾತ್ರ ಆಚೆಯ ಅಕ್ಷರ ಓದಲು ಬರುತ್ತದೆ. ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗುದಿಣ್ಣೆ ಇರುತ್ತವೆ. ಬೆಳಕು ಅಲ್ಲಿ ಹತ್ತು ಕಡೆ ಚದುರುತ್ತದೆ. ಅದಕ್ಕೇ ಬೆಳಕು ಬರುತ್ತದೆ, ಆಕಾರ ಬರುವುದಿಲ್ಲ. ಟೇಪಿನ ಅಂಟು ಆ ತಗ್ಗುಗಳನ್ನು ತುಂಬಿದ ಕೂಡಲೇ ಗಾಜು ಮತ್ತೆ ತಿಳಿಯಾಗುತ್ತದೆ. ನೀರು ಬಿದ್ದರೂ ಹಾಗೇ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಸ್ಪ್ರೇ ಬಗ್ಗೆ ಹೇಳಿಬಿಡುತ್ತೇನೆ. ಮೆಟ್ಟಿಲ ಹತ್ತಿರದ ವೆಂಟಿಲೇಟರಿಗೆ ಫ್ರಾಸ್ಟೆಡ್ ಸ್ಪ್ರೇ ಹೊಡೆದಿದ್ದೆ. ಸುತ್ತ ಮಾಸ್ಕಿಂಗ್ ಟೇಪ್, ಪೇಪರ್, ಮೂಗಿಗೆ ಮಾಸ್ಕ್, ಎಲ್ಲ ಕಿಟಕಿ ತೆರೆದು. ಒಂದು ಅಡಿ ದೂರದಿಂದ ತೆಳ್ಳಗೆ ಮೂರು ಸಲ ಹೊಡೆಯಬೇಕು. ಒಂದೇ ಸಲ ದಪ್ಪಗೆ ಹೊಡೆದರೆ ಕೆಳಗೆ ಸೋರಿ ಕಣ್ಣೀರಿನ ಗೆರೆ ಬೀಳುತ್ತದೆ. ನೋಡಲು ಮಾತ್ರ ಬಹಳ ಚೆಂದ, ಸಣ್ಣ ಕಾಳಿನ ಹಾಗೆ ಸಮವಾಗಿ ಕೂರುತ್ತದೆ. ಆದರೆ ಅದು ಗಾಜಿನ ಮೇಲೆ ಕೂತ ಬಣ್ಣವೇ ಹೊರತು ಬೇರೇನಲ್ಲ. ದಸರಾ ಹೊತ್ತಿಗೆ ಮನೆ ಗುಡಿಸಿ ಒರೆಸುವಾಗ ಸ್ಕ್ರಬ್ಬರ್ ತಾಗಿ ಎರಡು ಕಡೆ ಗೀರು ಬಿತ್ತು. ಆ ಗೀರಿಗೆ ಮತ್ತೆ ಹೊಡೆದರೆ ಅಲ್ಲಿ ಮಾತ್ರ ಬೆಳ್ಳಗೆ ಮಚ್ಚೆಯಾಗುತ್ತದೆ. ಕೈಗೆಟುಕದ ಎತ್ತರದ ಗಾಜಿಗೆ ಸರಿ. ದಿನಾ ಕೈ ತಾಗುವ ಕಡೆ ಬೇಡ.

ಎಚಿಂಗ್ ಕ್ರೀಮ್ ಅಂತಲೂ ಸಿಗುತ್ತದೆ. ಇದು ನಿಜವಾಗಿ ಗಾಜನ್ನೇ ಕೊರೆಯುತ್ತದೆ. ಸ್ಟೆನ್ಸಿಲ್ ಅಂಟಿಸಿ, ಮೇಲೆ ಸವರಿ, ಡಬ್ಬಿಯಲ್ಲಿ ಬರೆದಷ್ಟು ನಿಮಿಷ ಬಿಟ್ಟು ತೊಳೆದರೆ ಗುರುತು ಎಂದಿಗೂ ಹೋಗುವುದಿಲ್ಲ. ಲೋಟ, ಹೂದಾನಿಯ ಮೇಲೆ ಹೆಸರು ಬರೆಯಲು ಬಳಸುವವರಿದ್ದಾರೆ. ನಾನು ಮನೆಗೆ ತರಲಿಲ್ಲ. ಅದರಲ್ಲಿರುವುದು ಫ್ಲೋರೈಡ್ ಲವಣಗಳು. ಕಾರ್ಖಾನೆಗಳಲ್ಲಿ ಗಾಜು ಕೊರೆಯುವ ಹೈಡ್ರೋಫ್ಲೋರಿಕ್ ಆಮ್ಲದ ಬಳಗಕ್ಕೆ ಸೇರಿದವು. ಆ ಆಮ್ಲವನ್ನು ಗಾಜಿನ ಸೀಸೆಯಲ್ಲಿ ಇಡುವ ಹಾಗೇ ಇಲ್ಲ, ಸೀಸೆಯನ್ನೇ ತಿನ್ನುತ್ತದೆ. ಚರ್ಮಕ್ಕೆ ತಾಗಿದರೆ ಮೊದಲು ಉರಿ ಕೂಡ ಗೊತ್ತಾಗದೆ ಒಳಗೆ ಇಳಿಯಬಹುದು. ಕ್ರೀಮ್ ಅಷ್ಟು ತೀಕ್ಷ್ಣ ಅಲ್ಲ, ನಿಜ. ಆದರೂ ಚಿಕ್ಕ ಮಕ್ಕಳಿರುವ ಮನೆ, ಅಡುಗೆ ಮನೆಯದೇ ಸಿಂಕು. ನನ್ನ ಮಾತು ಕೇಳುವುದಾದರೆ ಬೇಡ. ಮಾಡಲೇಬೇಕು ಅಂದರೆ ಒಳ್ಳೆಯ ಗ್ಲೌಸ್, ಕಣ್ಣಿಗೆ ಕನ್ನಡಕ, ತೆರೆದ ಜಾಗ, ಮಕ್ಕಳು ಮನೆಯಲ್ಲಿಲ್ಲದ ಹೊತ್ತು. ಇಷ್ಟೂ ಇರಲಿ.

ಕೊನೆಗೆ ತರಿಸಿದ್ದು ಅಂಟಿಲ್ಲದ ಫ್ರಾಸ್ಟೆಡ್ ಫಿಲ್ಮ್. 2 ಅಡಿ ಅಗಲ, 10 ಅಡಿ ಉದ್ದದ ಸುರುಳಿ, 640 ರೂಪಾಯಿ. ಸ್ಟ್ಯಾಟಿಕ್ ಫಿಲ್ಮ್ ಅಂತ ಕೇಳಿದರೆ ಸಿಗುತ್ತದೆ. ನುಣುಪು ಗಾಜಿಗೆ ನೀರಿನಲ್ಲೇ ಕಚ್ಚಿಕೊಳ್ಳುತ್ತದೆ, ಬೇಡವಾದಾಗ ಕಿತ್ತರೆ ಅಂಟು ಉಳಿಯುವುದಿಲ್ಲ. ಬಾಡಿಗೆ ಮನೆಯವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬಾತ್‌ರೂಮಿನ ಪಿನ್‌ಹೆಡ್ ಗ್ಲಾಸಿನ ಗುಳ್ಳೆಗುಳ್ಳೆ ಕಡೆಗೆ ಮಾತ್ರ ಇದು ಕೂರುವುದಿಲ್ಲ.

ನಮ್ಮದು ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ. ಹೊರಕ್ಕೆ ತೆರೆಯುವ ಮರದ ಕಿಟಕಿಯಾಗಿ ಒಳಗೆ ಗ್ರಿಲ್ ಇದ್ದರೆ ಗಾಜಿಗೆ ಕೈಯೇ ಸಿಗುವುದಿಲ್ಲ, ಆಗ ಬಡಗಿಯನ್ನು ಕರೆದು ಬಾಗಿಲ ಹಿಂಜು ಬಿಚ್ಚಿಸಬೇಕು. ನಮ್ಮದರಲ್ಲಿ ಗ್ರಿಲ್ ಹೊರಗಡೆ. ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಕೆಳಭಾಗ ಈಚೆ ಎಳೆದರೆ ಟ್ರ್ಯಾಕಿನಿಂದ ಬಂದುಬಿಡುತ್ತದೆ. ನಮ್ಮನೆಯವರು ಒಂದು ಕಡೆ, ನಾನು ಒಂದು ಕಡೆ ಹಿಡಿದು ಎರಡೂ ಬಾಗಿಲನ್ನು ಊಟದ ಟೇಬಲ್ ಮೇಲೆ ಬೆಡ್‌ಶೀಟ್ ಹಾಸಿ ಮಲಗಿಸಿದೆವು. ಅರ್ಧ ಗೆಲುವು ಅಲ್ಲೇ. ಮಲಗಿದ ಗಾಜಿನ ಮೇಲೆ ಫಿಲ್ಮ್ ಜಾರುವುದಿಲ್ಲ, ಮಡಚಿಕೊಳ್ಳುವುದೂ ಇಲ್ಲ.

ಗಾಜು ತೊಳೆಯುವುದಕ್ಕೇ ಮುಕ್ಕಾಲು ಗಂಟೆ ಹೋಯಿತು. ಪೇಂಟಿನವರು ಹಾರಿಸಿದ್ದ ಸುಣ್ಣದ ಚುಕ್ಕೆಗಳನ್ನು ಬ್ಲೇಡು ಓರೆ ಹಿಡಿದು ಕೆರೆದೆ. ಒಂದು ಮರಳ ಕಾಳು ಉಳಿದರೂ ಅದರ ಮೇಲೆ ಫಿಲ್ಮ್ ಡೇರೆ ಹಾಗೆ ಎದ್ದು ನಿಲ್ಲುತ್ತದೆ. ಹಾಗಾಗಿ ಫ್ಯಾನ್ ಆಫ್ ಮಾಡಿಯೇ ಕೆಲಸ ಮಾಡಿ. ಅಳತೆಗೆ ನಾಲ್ಕೂ ಕಡೆ ಒಂದೊಂದು ಇಂಚು ಜಾಸ್ತಿ ಬಿಟ್ಟು ಕತ್ತರಿಸಿದೆ. ಹಿಂದಿನ ಪ್ಲಾಸ್ಟಿಕ್ ಹಾಳೆ ಬಿಡಿಸುವುದು ಹೊಸಬರಿಗೆ ಕಷ್ಟ, ಎರಡೂ ಒಂದೇ ಥರ ಕಾಣುತ್ತವೆ. ಮೂಲೆಗೆ ಮುಂದೊಂದು, ಹಿಂದೊಂದು ಸೆಲ್ಲೋಟೇಪ್ ತುಂಡು ಅಂಟಿಸಿ ಎರಡನ್ನೂ ಆಚೀಚೆ ಎಳೆಯಿರಿ. ಸರ್ ಅಂತ ಬಿಟ್ಟುಕೊಳ್ಳುತ್ತದೆ.

ಸ್ಪ್ರೇ ಬಾಟಲಿಗೆ ಅರ್ಧ ಲೀಟರ್ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ನೀರು ಹೊಡೆಯಲು ಜಿಪುಣತನ ಬೇಡ. ಗಾಜು ತೊಯ್ದು ತೊಟ್ಟಿಕ್ಕಬೇಕು. ಆಗ ಫಿಲ್ಮ್ ತೇಲಿದ ಹಾಗೆ ಆಡುತ್ತದೆ, ಬೆರಳ ತುದಿಯಲ್ಲಿ ತಳ್ಳಿ ನೇರ ಮಾಡಬಹುದು. ಮೇಲೂ ಒಂದಿಷ್ಟು ನೀರು ಹೊಡೆದು, ಹಳೇ ಎಟಿಎಂ ಕಾರ್ಡಿಗೆ ಪಂಚೆ ಬಟ್ಟೆ ಸುತ್ತಿ, ನಡುವಿನಿಂದ ಅಂಚಿಗೆ ಒತ್ತುತ್ತಾ ನೀರು ಹೊರಹಾಕಿದೆ. ಕೆಳಗಿನ ನೀರು ಓಡುವುದು ಕಣ್ಣಿಗೆ ಕಾಣುತ್ತದೆ, ಬೆಳ್ಳಿ ಗೆರೆಯ ಹಾಗೆ ಸರಿದು ಅಂಚಿನಲ್ಲಿ ಹನಿಯಾಗಿ ಬೀಳುತ್ತದೆ. ನೋಡುತ್ತಾ ಇರಬೇಕು ಅನ್ನಿಸುತ್ತದೆ. ಕೊನೆಗೆ ಸ್ಟೀಲ್ ಸ್ಕೇಲ್ ಇಟ್ಟು ಹೊಸ ಬ್ಲೇಡಿನಲ್ಲಿ ಅಂಚು ಕತ್ತರಿಸಿದೆ. ರಬ್ಬರ್ ಬೀಡಿಂಗಿಗೆ ತಾಗದ ಹಾಗೆ ಒಂದೆರಡು ಮಿಲಿಮೀಟರ್ ಸಂದು ಬಿಡಬೇಕು. ತಾಗಿದರೆ ಅಲ್ಲಿಂದಲೇ ಏಳುತ್ತದೆ.

ಮಗಳನ್ನು ಒಳಗೆ ನಿಲ್ಲಿಸಿ, ರಾತ್ರಿ ಲೈಟ್ ಹಾಕಿ, ಪಕ್ಕದವರ ಮೆಟ್ಟಿಲ ಮೇಲೆ ನಿಂತು ನೋಡಿದೆ. ಅವಳು ಗಾಜಿಗೆ ಅಂಗೈ ಒತ್ತಿದರೆ ಐದೂ ಬೆರಳು ಕಂಡವು. ಒಂದು ಅಡಿ ಹಿಂದೆ ಸರಿದ ಮೇಲೆ ಎಷ್ಟು ಬೆರಳು ಅಂತ ಎಣಿಸಲಾಗಲಿಲ್ಲ. ಟೇಬಲ್ ಹತ್ತಿರ ಕೂತವರು ಬರೀ ಬಣ್ಣದ ಮೋಡ. ಕನ್ನಡಿ ಥರ ಹೊಳೆಯುವ ಫಿಲ್ಮ್ ಹಗಲಲ್ಲಿ ಮಾತ್ರ ಮರೆಮಾಡುತ್ತದೆ. ರಾತ್ರಿ ಒಳಗೆ ಲೈಟ್ ಹಾಕಿದರೆ ಹೊರಗಿನವರಿಗೆ ಎಲ್ಲ ಕಾಣುತ್ತದೆ. ಫ್ರಾಸ್ಟೆಡ್‌ಗೆ ಆ ತೊಂದರೆ ಇಲ್ಲ.

ಹದಿನಾಲ್ಕು ತಿಂಗಳಾಯಿತು. ಎರಡು ಕುಂದು ಹೇಳಲೇಬೇಕು. ಕಿಟಕಿ ಪಶ್ಚಿಮಕ್ಕಿದೆ. ಬೇಸಿಗೆಯ ಸಂಜೆ ಬಿಸಿಲಿಗೆ ಮೇಲಿನ ಒಂದು ಮೂಲೆ ಸ್ವಲ್ಪ ಕುಗ್ಗಿ ಸುರುಳಿಕೊಂಡಿದೆ. ನೀರು ಹೊಡೆದು ಒತ್ತಿದರೆ ಒಂದು ವಾರ ಕೂರುತ್ತದೆ, ಮತ್ತೆ ಏಳುತ್ತದೆ. ಇನ್ನೊಂದು, ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಆರುವ ತನಕ ಅಷ್ಟು ಜಾಗ ತಿಳಿಯಾಗಿ ಕಾಣುತ್ತದೆ. ಮೊದಲೇ ಹೇಳಿದೆನಲ್ಲ, ತಗ್ಗುಗಳಿಗೆ ನೀರು ತುಂಬುವುದು. ಊಟದ ಮನೆಗೆ ಅದು ದೊಡ್ಡ ವಿಷಯವಲ್ಲ. ಶವರ್ ಪಕ್ಕದ ಗಾಜಿಗೆ ಹಾಕುವವರು ಯೋಚಿಸಿ. ಇಷ್ಟಾದರೂ ಇದಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ.

ಇನ್ನು ನನಗೆ ತುಂಬಾ ಖುಷಿ ಕೊಟ್ಟ ಕೆಲಸ. ನಮ್ಮ ದೇವರ ಮನೆ ಬಾಗಿಲಿಗೆ ತೇಗದ ಚೌಕಟ್ಟು, ನಡುವೆ ಬರೀ ಗಾಜು. ಅತ್ತೆಗೆ 78. ಅಂಗಳಕ್ಕೆ ಬಗ್ಗಿ ರಂಗೋಲಿ ಹಾಕಲು ಈಗ ಆಗುವುದಿಲ್ಲ, ಕೈಯೂ ನಡುಗುತ್ತದೆ. ಆದರೆ ಅವರ ಹಳೇ ರಂಗೋಲಿ ಪುಸ್ತಕ ಇದೆ, ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಮದುವೆಗೆ ಮುಂಚೆ ಬರೆದದ್ದು. ಅದರಲ್ಲಿ 7ರಿಂದ 4 ಸಂದು ಚುಕ್ಕಿಯ ಒಂದು ರಂಗೋಲಿ. ನಡುವೆ ಏಳು, ಮೇಲೂ ಕೆಳಗೂ ಆರು, ಐದು, ನಾಲ್ಕು. ಒಟ್ಟು 37 ಚುಕ್ಕಿ. ಅದರ ಫೋಟೊ ತೆಗೆದುಕೊಂಡು ಬೈಕಿಗೆ ನಂಬರ್, ಆಟೋಗೆ ಸ್ಟಿಕರ್ ಕತ್ತರಿಸುವ ರೇಡಿಯಂ ಅಂಗಡಿಗೆ ಹೋದೆ. ಕ್ಲಿನಿಕ್ಕು, ಆಫೀಸಿನ ಗಾಜಿಗೆ ಹಾಕುವ ಅಂಟಿನ ಫ್ರಾಸ್ಟೆಡ್ ಸ್ಟಿಕರ್ ಅವರ ಹತ್ತಿರ ಇರುತ್ತದೆ.

ಅಂಗಡಿಯ ಹುಡುಗ ಚೆನ್ನಾಗಿ ಕೆಲಸ ಗೊತ್ತಿದ್ದವನು. "ಮೇಡಂ, ಎಳೆ ಇಷ್ಟು ಸಣ್ಣ ಇದ್ರೆ ಕೀಳುವಾಗ ಹರಿದುಹೋಗುತ್ತೆ, ನಾಲ್ಕು ಮಿಲಿಮೀಟರ್ ಮಾಡ್ಲಾ?" ಅಂತ ಕೇಳಿ ಕಂಪ್ಯೂಟರಿನಲ್ಲಿ ದಪ್ಪ ಮಾಡಿದ. ಹಾಳೆಯೆಲ್ಲ ಫ್ರಾಸ್ಟೆಡ್ ಆಗಿ ಉಳಿದು ರಂಗೋಲಿಯ ಎಳೆ ಮತ್ತು ಚುಕ್ಕಿ ಮಾತ್ರ ಖಾಲಿ ಬರುವ ಹಾಗೆ ಕತ್ತರಿಸಲು ಹೇಳಿದೆ. ಮೆಷಿನ್ನು ಹತ್ತು ನಿಮಿಷದಲ್ಲಿ ಮುಗಿಸಿತು. ಎಳೆಗಳನ್ನು ಚಿಮಟದಲ್ಲಿ ಹಿಡಿದು ಒಂದೊಂದಾಗಿ ಕೀಳಲು ಅವನಿಗೆ ಒಂದು ಗಂಟೆ ಹಿಡಿಯಿತು. ಅಂಟಿಸುವ ತನಕ ತುಂಡುಗಳು ಕದಲದ ಹಾಗೆ ಹಿಡಿದಿಡುವ ಟ್ರಾನ್ಸ್‌ಫರ್ ಟೇಪ್ ಮೇಲೆ ಎಳೆದು ಸುರುಳಿ ಸುತ್ತಿ ಕೊಟ್ಟ. 380 ರೂಪಾಯಿ. ಅಷ್ಟು ತಾಳ್ಮೆಯ ಕೆಲಸಕ್ಕೆ ಅದು ಕಡಿಮೆಯೇ.

ಅಂಟಿಸಿದ್ದು ಅದೇ ಸೋಪು ನೀರಿನಲ್ಲಿ. ಇದರಲ್ಲಿ ಅವಸರ ಕೂಡದು. ನೀರೆಲ್ಲ ಒತ್ತಿ ತೆಗೆದು ಮೂರು ಗಂಟೆ ಬಿಟ್ಟು, ಆಮೇಲೆ ಟೇಪನ್ನು ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೆದೆ. ಒಂದು ದಳ ಟೇಪಿನ ಜೊತೆಗೇ ಏಳತೊಡಗಿತು. ಬೆರಳಲ್ಲಿ ವಾಪಸ್ ಒತ್ತಿ, ಇನ್ನೂ ಅರ್ಧ ಗಂಟೆ ಕಾದು ಮುಂದುವರಿಸಿದೆ. ಉಳಿದ ಎರಡು ಸಣ್ಣ ಗುಳ್ಳೆಗಳನ್ನು ಸೂಜಿಯಲ್ಲಿ ಚುಚ್ಚಿ ಒತ್ತಿದ ಮೇಲೆ ಎಲ್ಲಿತ್ತು ಅಂತ ನನಗೇ ಗೊತ್ತಾಗುತ್ತಿಲ್ಲ. ಇದು ಅಂಟಿನದು, ಕೀಳಬೇಕಾದರೆ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಬೇಕು. ಸ್ವಂತ ಮನೆಯವರು ಮಾತ್ರ ಹಾಕಿಸಿ.

ಗಾಜಿನ ಲೋಟದ ದೀಪಕ್ಕೆ ಇನ್ನೂ ಸುಲಭದ್ದೊಂದಿದೆ. ಗುಲಾಬಿ ಗಿಡಕ್ಕೆ ಹಾಕುವ ಎಪ್ಸಮ್ ಉಪ್ಪು ಅರ್ಧ ಕಪ್, ಬಿಸಿ ನೀರು ಅರ್ಧ ಕಪ್, ಸೋಪು ಎರಡು ಹನಿ. ಹತ್ತಿಯಲ್ಲಿ ಅದ್ದಿ ಲೋಟದ ಹೊರಗೆ ಸವರಿದರೆ ಆರುತ್ತಾ ಬಂದ ಹಾಗೆ ಸೂಜಿ ಸೂಜಿಯಾಗಿ ಹರಳು ಹರಡುತ್ತವೆ. ಎಂಟನೇ ಕ್ಲಾಸಿನ ಮಕ್ಕಳ ಹತ್ತಿರ ಮಾಡಿಸುತ್ತೇನೆ. ಒದ್ದೆ ಬಟ್ಟೆ ತಾಗಿದರೆ ಹೋಗುತ್ತದೆ, ದೀಪಾವಳಿಯ ಮೂರು ದಿನಕ್ಕೆ ಸಾಕು ಅಲ್ವಾ.

ಅಂಟಿಸಿದ ದಿನ ಸಂಜೆ ಅತ್ತೆ ಎಂದಿನಂತೆ ದೀಪ ಹಚ್ಚಿ ಬಾಗಿಲು ಮುಂದೆ ಎಳೆದರು. ಹಾಲ್‌ನ ಲೈಟ್ ಇನ್ನೂ ಹಾಕಿರಲಿಲ್ಲ. ಗಾಜೆಲ್ಲ ಮಂದವಾಗಿ ಹಳದಿ, ಎಳೆಗಳು ಮಾತ್ರ ಪಳಪಳ ಹೊಳೆಯುತ್ತಿದ್ದವು. ಒಳಗೆ ದೀಪದ ಕುಡಿ ಅಲ್ಲಾಡಿದ ಹಾಗೆ ಎಳೆಗಳೂ ಅಲ್ಲಾಡುತ್ತಿದ್ದವು. ಅತ್ತೆ ಹತ್ತಿರ ಬಂದು ಗಾಜಿನ ಮೇಲೆ ಬೆರಳಿಟ್ಟು ಚುಕ್ಕಿ ಎಣಿಸಿದರು. 37 ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆ, "ಒಂಬತ್ತು ಚುಕ್ಕೀದು ಒಂದಿದೆ ಕಣಮ್ಮಾ, ಹುಡುಕಿ ಕೊಡ್ತೀನಿ. ಮುಂಬಾಗಿಲ ಪಕ್ಕದ ಗಾಜಿಗೆ ಅದನ್ನೇ ಹಾಕ್ಸು" ಅಂದರು. ಪುಸ್ತಕದ ಆ ಹಾಳೆ ಸಿಕ್ಕಿದೆ. ಭಾನುವಾರ ರೇಡಿಯಂ ಅಂಗಡಿಗೆ ಹೋಗಬೇಕು.