ಕಾಲಿನ ಮಷಿನ್ನಿಗೆ ಕೂಡಿಸಿದ ಮೋಟಾರು: ನಾಲ್ಕು ದೀಪಾವಳಿಗಳ ನಂತರ

ಹಳೆ ಕರಿ ಹೊಲಿಗೆ ಮಷಿನ್ನಿನ ಹಿಂದುಗಡೆ ಬೋಲ್ಟು ಬಿಗಿದು ಕೂಡಿಸುವ ಸಣ್ಣ ಮೋಟಾರು ಮತ್ತು ಅದರ ಜೊತೆ ಬರುವ, ಕಾಲಡಿ ಇಡುವ ರೆಗ್ಯುಲೇಟರು. ಈ ವಿಮರ್ಶೆ ಅವೆರಡರದ್ದು. ವಾಟ್ ಎಷ್ಟು, ವಯರು ಎಷ್ಟುದ್ದ ಎನ್ನುವುದು ಡಬ್ಬಿಯ ಮೇಲೇ ಇದೆ. ಡಬ್ಬಿಯ ಮೇಲೆ ಬರೆಯದಿರುವುದು ಒಂದೇ ಮಾತು: ಈ ಮೋಟಾರಿಗೆ ನಿಧಾನ ಎನ್ನುವುದು ಗೊತ್ತಿಲ್ಲ. ಉದ್ದುದ್ದ ಹೊಲಿಗೆ ಹಾಕುವವರಿಗೆ ಇದರಿಂದ ತೊಂದರೆಯಿಲ್ಲ. ಖಣದ (ಕುಬಸದ ಬಟ್ಟೆಯ) ತೋರಣ, ಕುಂಚಿಗಿ (ಕೂಸುಗಳ ಟೊಪ್ಪಿಗೆ), ಗೊಂಡೆ ಕಟ್ಟುವ ಸಣ್ಣ ಸಣ್ಣ ಎಲೆಗಳನ್ನು ಹೊಲಿಯುವವರಿಗೆ ಇದೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಬಳಕೆ ಎಷ್ಟೆಂದು ಮೊದಲೇ ಹೇಳಿಬಿಡುತ್ತೇನೆ. ಶ್ರಾವಣದಿಂದ ದೀಪಾವಳಿವರೆಗೆ ವರ್ಷಕ್ಕೆ ಇಪ್ಪತ್ತರಷ್ಟು ತೋರಣ, ಗಣಪತಿ ಮಂಟಪದ ಝಾಲರು ಎರಡು ಮೂರು, ಉಡಿ ತುಂಬುವಾಗ ಕೊಡುವ ಚಿಕ್ಕ ಚೀಲಗಳು, ಚಳಿಗಾಲಕ್ಕೆ ಕೂಸುಗಳ ಕುಂಚಿಗಿ. ದಿನವಿಡೀ ಹೊಲಿಯುವ ದರ್ಜಿಯ ಲೆಕ್ಕ ಇದಲ್ಲ. ದಿನಕ್ಕೆ ಹತ್ತು ಕುಬಸ ಹೊಲಿಯುವವರಿಗೆ ಇಲ್ಲಿನ ತೀರ್ಪು ಹೊಂದುವುದಿಲ್ಲ.

ಮೊದಲ ವರ್ಷ ಮೋಟಾರು ಬಹಳ ಚಲೋ ಅನ್ನಿಸಿತು. ಆ ಸಂತೋಷ ಸುಳ್ಳೇನಲ್ಲ. ಝಾಲರು ಹೊಲಿಯುವಾಗ ಅದು ನಿಜಕ್ಕೂ ವರ. ಆರು ಅಡಿ ಮೇಜಿನ ಮುಂದೆ ಬಿಡುವ ಝಾಲರಿಗೆ ಹನ್ನೆರಡು ಅಡಿ ಬಟ್ಟೆ ಬೇಕು. ಹೊಲಿಗೆಯ ಉದ್ದವನ್ನು ಕೊನೆಯ ಅಂಕಿಗೆ ತಂದು, ಮೇಲಿನ ದಾರದ ಬಿಗಿ ಸ್ವಲ್ಪ ಸಡಿಲಿಸಿ, ಅಂಚಿಗೆ ಕಾಲು ಇಂಚು ಅಂತರದಲ್ಲಿ ಎರಡು ಸಾಲು ಓಡಿಸಬೇಕು. ಆಮೇಲೆ ಬಾಬಿನ್ನಿನ, ಅಂದರೆ ಕೆಳಗಿನ, ಎರಡೂ ದಾರ ಒಟ್ಟಿಗೆ ಹಿಡಿದು ಎಳೆದರೆ ನೆರಿಗೆ ಕೂಡುತ್ತದೆ. ಒಂದೇ ಸಾಲು ಹಾಕಿದರೆ ಎಳೆಯುವಾಗ ದಾರ ಹರಿದು, ಕೂಡಿಸಿದ ನೆರಿಗೆಯೆಲ್ಲ ಮತ್ತೆ ಬಿಚ್ಚಿಕೊಳ್ಳುತ್ತದೆ. ಕಾಲಿನಲ್ಲಿ ಈ ಎರಡು ಸಾಲು ಹೊಲಿಯಲು ಹಿಡಿಯುವ ಹೊತ್ತಿಗೂ ಮೋಟಾರಿಗೆ ಬೇಕಾಗುವ ಹೊತ್ತಿಗೂ ಹೋಲಿಕೆಯೇ ಇಲ್ಲ. ಬಾಬಿನ್ ಸುತ್ತುವುದೂ ಅಷ್ಟೇ. ಬಲಗಡೆ ಗಾಲಿಯ ನಡುವಿನ ತಿರುಪು ಸಡಿಲಿಸಿ ಸೂಜಿ ನಿಂತಿರುವುದನ್ನು ನೋಡಿಕೊಂಡು ರೆಗ್ಯುಲೇಟರು ಒತ್ತಿದರೆ, ದಾರ ಒಂದೇ ಬಿಗಿಯಲ್ಲಿ ತುಂಬುತ್ತದೆ. ಚೀಲದ ನೇರ ಬದಿಗಳು, ಹಿಡಿಕೆಯ ಪಟ್ಟಿಗಳು, ಮಂಟಪದ ಪರದೆಯ ಅಂಚು, ಎಲ್ಲವೂ ಹೀಗೆಯೇ.

ತಕರಾರು ಶುರುವಾಗುವುದು ತೋರಣದ ಎಲೆಯ ತುದಿಯಲ್ಲಿ.

ಎಲೆಯ ಲೆಕ್ಕ ಹೀಗೆ. ಮೂರು ಅಡಿ ಬಾಗಿಲಿಗೆ 36 ಇಂಚಿನ ಪಟ್ಟಿ. ಎರಡೂ ಕಡೆ ಒಂದೂಕಾಲು ಇಂಚು ಬಿಟ್ಟು, ನಡುವೆ ಎರಡೂವರೆ ಇಂಚು ಅಗಲದ 11 ಎಲೆ. ಎಲೆಗಳ ನಡುವೆ ಅರ್ಧ ಇಂಚಿಗಿಂತ ತುಸು ಹೆಚ್ಚು ಜಾಗ ಉಳಿಯುತ್ತದೆ. ಎಲೆಗಳು ಬೆಸ ಸಂಖ್ಯೆಯಲ್ಲಿರಬೇಕು, ಆಗ ಒಂದು ಎಲೆ ಬಾಗಿಲಿನ ನಟ್ಟನಡುವೆ ಬರುತ್ತದೆ. ಒಂದೊಂದು ಎಲೆಗೂ 3 ಇಂಚು ಅಗಲ, 6 ಇಂಚು ಉದ್ದದ ತುಂಡು ಬೇಕು, ಹೊಲಿಗೆಗೆ ಸುತ್ತ ಕಾಲು ಇಂಚು ಹೋಗುತ್ತದೆ. ಪಟ್ಟಿಗೆ 37 ಇಂಚು ಉದ್ದ, 4 ಇಂಚು ಅಗಲ. ಅದನ್ನು ಉದ್ದಕ್ಕೆ ಮಡಚಿ ಹೊಲಿದರೆ ಒಂದೂಮುಕ್ಕಾಲು ಇಂಚಿನ ಗಟ್ಟಿ ಪಟ್ಟಿ. ಖಣ ಸುಮಾರು 30 ಇಂಚು ಅಗಲದ್ದಾದರೆ ಒಂದೂಕಾಲು ಮೀಟರಿನಲ್ಲಿ ಮೂರು ತೋರಣ ಆರಾಮಾಗಿ ಆಗುತ್ತವೆ. ಮೂರು ಪಟ್ಟಿಗಳನ್ನು ಉದ್ದಕ್ಕೆ ಮೊದಲು ಕತ್ತರಿಸಿಕೊಳ್ಳಿ. ಎಲೆ ಮೊದಲು ಕತ್ತರಿಸಿದರೆ ಪಟ್ಟಿಗೆ ಜೋಡು ಹಾಕಬೇಕಾಗುತ್ತದೆ, ಜೋಡು ಬಾಗಿಲಿನ ಮೇಲೆ ಎದ್ದು ಕಾಣುತ್ತದೆ.

ಗುಳೇದಗುಡ್ಡದ ಕೈಮಗ್ಗದ ಖಣ ಮತ್ತು ಅದರಂತೆಯೇ ಕಾಣುವ ಪವರ್‌ಲೂಮ್ ಬಟ್ಟೆ, ಎರಡೂ ಹುಬ್ಬಳ್ಳಿ ದುರ್ಗದಬೈಲಿನ ಸುತ್ತಮುತ್ತ ಸಿಗುತ್ತವೆ. ಅನುಮಾನ ಬಂದರೆ ಅಂಚಿನಿಂದ ಒಂದು ಎಳೆ ತೆಗೆದು ಸುಟ್ಟು ನೋಡಿ. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರು. ಬೂದಿಯಾಗಿ ಉದುರಿದರೆ ಹತ್ತಿ. ತೋರಣಕ್ಕೆ ಎರಡೂ ನಡೆಯುತ್ತವೆ, ಇಸ್ತ್ರಿಯ ಬಿಸಿ ಮಾತ್ರ ಬೇರೆ ಬೇರೆ. ಪಾಲಿಯೆಸ್ಟರಿಗೆ ಫ್ಯೂಸಿಂಗ್ (ಬಟ್ಟೆ ಗಟ್ಟಿಯಾಗಲು ಹಿಂದೆ ಇಸ್ತ್ರಿಯಿಂದ ಕೂಡಿಸುವ ಪದರ) ಅಂಟಿಸುವಾಗ ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿ, ಇಸ್ತ್ರಿಯನ್ನು ಎಳೆದಾಡದೆ ಹತ್ತು ಸೆಕೆಂಡು ಒತ್ತಿ ಎತ್ತಬೇಕು. ಎಳೆದರೆ ಫ್ಯೂಸಿಂಗ್ ಜಾರುತ್ತದೆ, ಬಟ್ಟೆಯ ಮೇಲೆ ಹೊಳಪಿನ ಕಲೆ ಬೀಳುತ್ತದೆ. ಆ ಕಲೆ ಹೋಗುವುದಿಲ್ಲ. ಎಲೆಯ ಹಿಂಬದಿಗೆ ಹತ್ತಿಯ ಪಾಪ್ಲಿನ್ ಸಾಕು, ಹಾಕುವ ಮುನ್ನ ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿರಬೇಕು. ಕೆಂಪು ಖಣವಿದ್ದರೆ ಒದ್ದೆ ಮಾಡಿದ ಬಿಳಿ ಚಿಂದಿಯಿಂದ ಉಜ್ಜಿ ನೋಡಿ. ಬಣ್ಣ ಬಿಡುವ ಬಟ್ಟೆಯನ್ನು ಬಿಳಿ ಪಾಪ್ಲಿನ್ ಜೊತೆ ಕೂಡಿಸಲೇಬೇಡಿ, ಬಾಗಿಲಿಗೆ ಇರಚಲು ಹೊಡೆದ ದಿನವೇ ಹಿಂಬದಿ ಗುಲಾಬಿಯಾಗುತ್ತದೆ.

ಎರಡು ತುಂಡುಗಳ ಚಂದದ ಮುಖಗಳನ್ನು ಒಳಗೆ ಮಾಡಿ ಜೋಡಿಸಿ, ಮೇಲುಭಾಗ ಬಿಟ್ಟು ಒಂದು ಬದಿಯಿಂದ ಹೊಲಿಗೆ ಇಳಿಸಬೇಕು. ತುದಿ ಇನ್ನೊಂದು ಇಂಚು ಇದೆ ಎನ್ನುವಾಗ ಹೊಲಿಗೆಯ ಉದ್ದ ಒಂದೂವರೆ ಮಿಲಿಮೀಟರಿಗೆ ಇಳಿಸಿ. ಖಣದ ಎಳೆ ಬಹಳ ಬೇಗ ಬಿಚ್ಚಿಕೊಳ್ಳುತ್ತದೆ, ಅದಕ್ಕೇ ಇಲ್ಲಿ ಸಣ್ಣ ಹೊಲಿಗೆ. ತುದಿಯಲ್ಲಿ ಸೂಜಿ ಬಟ್ಟೆಯೊಳಗೇ ಇಳಿದು ನಿಂತಿರಬೇಕು. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫೂಟು ಎತ್ತಿ, ಬಟ್ಟೆ ಅರ್ಧ ತಿರುಗಿಸಿ, ಅಡ್ಡಕ್ಕೆ ಒಂದೇ ಒಂದು ಹೊಲಿಗೆ ಹಾಕಿ, ಮತ್ತೆ ತಿರುಗಿಸಿ ಮೇಲಕ್ಕೆ ಹೋಗಬೇಕು. ನೇರ ಚೂಪಾಗಿ ಹೊಲಿದರೆ ಮಗುಚಿದಾಗ ತುದಿ ದಪ್ಪವಾಗಿ ಮೊಂಡಾಗುತ್ತದೆ, ಒಳಗಿನ ಹೆಚ್ಚುವರಿ ಬಟ್ಟೆಗೆ ಅಲ್ಲಿ ಜಾಗವೇ ಇರುವುದಿಲ್ಲ. ಅಡ್ಡಕ್ಕೆ ಆ ಒಂದು ಹೊಲಿಗೆ ಬಿದ್ದರೆ ಮಾತ್ರ ತುದಿ ಮಾವಿನೆಲೆಯಂತೆ ಚೂಪಾಗಿ ಬರುತ್ತದೆ. ಒಂದು ಎಲೆಗೆ ಎರಡು ಸಲ ನಿಲ್ಲಬೇಕು. ಮೂರು ತೋರಣಕ್ಕೆ 33 ಎಲೆ, 66 ಸಲ, ಪ್ರತಿ ಸಲವೂ ಲೆಕ್ಕ ಹಾಕಿದ ಜಾಗದಲ್ಲೇ.

ಮೋಟಾರು ಆ ಜಾಗದಲ್ಲಿ ನಿಲ್ಲುವುದಿಲ್ಲ. ಒಂದು ಹೊಲಿಗೆ ಕೇಳಿದರೆ ಮೂರು ಹಾಕುತ್ತದೆ. ಆ ಎರಡು ಹೆಚ್ಚಿನ ಹೊಲಿಗೆ ಅಂಚಿನತ್ತ ಓಡುತ್ತವೆ. ಮಗುಚುವ ಮುನ್ನ ತುದಿಯ ಬಟ್ಟೆಯನ್ನು ಕತ್ತರಿಸುವಾಗ ಅದೇ ದಾರವೂ ಕತ್ತರಿಸಿ ಹೋಗುತ್ತದೆ. ಆಗ ಗೊತ್ತಾಗುವುದಿಲ್ಲ. ಕಡ್ಡಿ ಹಾಕಿ ತುದಿ ಹೊರಗೆ ತಳ್ಳಿದಾಗ ಖಣ ಎಳೆಎಳೆಯಾಗಿ ಬಾಯಿ ಬಿಡುತ್ತದೆ. ಗೊಂಡೆಗೆಂದು ತುದಿಯೊಳಗೆ ಇಟ್ಟ ದಾರದ ಕುಣಿಕೆಯ ಮೇಲೂ ಕೆಲವೊಮ್ಮೆ ಹೊಲಿಗೆ ಹತ್ತುತ್ತದೆ, ಮಗುಚಿದರೆ ಕುಣಿಕೆ ಹೊರಗೇ ಬರುವುದಿಲ್ಲ. ಎರಡನೇ ವರ್ಷ ಮೋಟಾರಿನಲ್ಲೇ ಹೊಲಿದ ಎಲೆಗಳಲ್ಲಿ ಐದಕ್ಕೆ ಒಂದಾದರೂ ಬಿಚ್ಚಿ ಹೊಲಿಯಬೇಕಾಯಿತು. ಖಣದಲ್ಲಿ ಬಿಚ್ಚಿ ಹೊಲಿದ ಸೂಜಿ ತೂತು ಮುಚ್ಚಿಕೊಳ್ಳುವುದಿಲ್ಲ.

ಕಾರಣ ರೆಗ್ಯುಲೇಟರಿನಲ್ಲಿದೆ. ಜೊತೆಗೆ ಬರುವ ಅಗ್ಗದ ರೆಗ್ಯುಲೇಟರು ಮೋಟಾರಿಗೆ ಹೋಗುವ ವೋಲ್ಟೇಜು ಕಡಿಮೆ ಮಾಡಿ ವೇಗ ಇಳಿಸುತ್ತದೆ. ವೇಗದ ಜೊತೆಗೆ ಬಲವೂ ಇಳಿಯುತ್ತದೆ. ಎರಡು ಪದರ ಬಟ್ಟೆ, ಒಂದು ಪದರ ಫ್ಯೂಸಿಂಗ್ ಇರುವ ಕಡೆ ಸೂಜಿ ಚುಚ್ಚಲಾರದೆ ಮೋಟಾರು ಗುಂಯ್ ಎನ್ನುತ್ತ ನಿಲ್ಲುತ್ತದೆ. ಕಾಲು ತಾನಾಗಿ ಇನ್ನಷ್ಟು ಒತ್ತುತ್ತದೆ. ಆ ಕ್ಷಣ ಬಲ ಸಾಕಾಗಿ ಸೂಜಿ ಒಳಗೆ ಹೋಗುತ್ತದೆ, ಆದರೆ ಅಷ್ಟು ಹೊತ್ತಿಗೆ ಕಾಲು ಒತ್ತಿದ್ದು ಮೂರು ಹೊಲಿಗೆಗೆ ಸಾಲುವಷ್ಟು. ಸಂಜೆ ಕರೆಂಟು ಡಿಮ್ ಇರುವಾಗ ಇದು ಇನ್ನೂ ಕೆಟ್ಟದಾಗುತ್ತದೆ.

ಸರಿಪಡಿಸಲು ಮಾಡಿದ್ದರಲ್ಲಿ ಮೂರು ಉಪಯೋಗಕ್ಕೆ ಬಂದವು. ಮೊದಲನೆಯದು ಬೆಲ್ಟು. ಕೂಡಿಸಿಕೊಟ್ಟ ಅಂಗಡಿಯವರು ಬೆಲ್ಟನ್ನು ತಂತಿಯಂತೆ ಬಿಗಿದಿದ್ದರು. ನಡುವೆ ಬೆರಳಿನಿಂದ ಒತ್ತಿದರೆ ಒಂದು ಸೆಂಟಿಮೀಟರಿನಷ್ಟು ಬಗ್ಗಬೇಕು. ಅದಕ್ಕಿಂತ ಬಿಗಿಯಾದರೆ ಮೋಟಾರಿನ ಬಲ ಗಾಲಿ ತಿರುಗಿಸುವುದರಲ್ಲೇ ಹೋಗುತ್ತದೆ, ಬೇರಿಂಗೂ ಬೇಗ ಸವೆಯುತ್ತದೆ. ಎರಡನೆಯದು ಸೂಜಿ. ಫ್ಯೂಸಿಂಗ್ ಹಾಕಿದ ಖಣಕ್ಕೆ 14ರ ಹೊಸ ಸೂಜಿ. 11 ಇಲ್ಲಿ ಬಾಗುತ್ತದೆ, 16 ದೊಡ್ಡ ತೂತು ಬೀಳಿಸುತ್ತದೆ. ಮೊಂಡ ಸೂಜಿ ಜರಿಯ ಎಳೆಯನ್ನು ಎಳೆದು ಎಲೆಯುದ್ದಕ್ಕೂ ಗೆರೆ ಮೂಡಿಸುತ್ತದೆ, ಆದ್ದರಿಂದ ಪ್ರತಿ ಹಬ್ಬದ ಹೊಲಿಗೆಗೆ ಒಂದು ಹೊಸ ಸೂಜಿ ಎಂದೇ ಲೆಕ್ಕ ಇಟ್ಟುಕೊಳ್ಳಿ. ಮೂರನೆಯದು ಎಲೆಕ್ಟ್ರಾನಿಕ್ ರೆಗ್ಯುಲೇಟರು. ಬೇರೆಯಾಗಿ ಕೊಂಡರೆ ಹೆಚ್ಚು ಖರ್ಚಿಲ್ಲ, ಶುರುವಿನ ಜಿಗಿತ ಅರ್ಧ ಕಡಿಮೆಯಾಗುತ್ತದೆ. ಅರ್ಧ ಮಾತ್ರ.

ಉಳಿದರ್ಧಕ್ಕೆ ಔಷಧಿ ಮಷಿನ್ನಿನ ಕೆಳಗೇ ಇತ್ತು: ಕಾಲಿನ ಹಲಗೆ ಮತ್ತು ಚರ್ಮದ ಬೆಲ್ಟು. ಮೋಟಾರು ಕೂಡಿಸಿದ ಮೇಲೆ ಬಿಚ್ಚಿ ಮೂಲೆಗಿಟ್ಟದ್ದನ್ನು ಮತ್ತೆ ಹಾಕಿದ ದಿನ ಈ ವಿಮರ್ಶೆಯ ದಿಕ್ಕೇ ಬದಲಾಯಿತು. ಹಿಮ್ಮಡಿ ಒಂದಿಷ್ಟು, ಬೆರಳು ಒಂದಿಷ್ಟು ಒತ್ತಿದರೆ ಸೂಜಿ ಒಂದು ಹೊಲಿಗೆ ಇಳಿದು ನಿಲ್ಲುತ್ತದೆ. ಬಟ್ಟೆ ದಪ್ಪವಾದರೆ ಕಾಲಿಗೆ ಅದು ಮೊದಲೇ ತಿಳಿಯುತ್ತದೆ. ಬಲಗೈ ಗಾಲಿಯ ಮೇಲೇ ಇರುತ್ತದೆ, ಕೊನೆಯ ಹೊಲಿಗೆಯನ್ನು ಕೈಯಿಂದಲೇ ಇಳಿಸಬಹುದು. ಸೂಜಿ ಫ್ಯೂಸಿಂಗ್ ದಾಟುವ ಆ ಟಕ್ ಎನ್ನುವ ಸಣ್ಣ ಸದ್ದು ಮೋಟಾರಿನ ಗಲಾಟೆಯಲ್ಲಿ ಎಂದೂ ಕೇಳಿಸಿರಲಿಲ್ಲ. ಎಲೆ ಹೊಲಿಯುವ ಕೆಲಸದಲ್ಲಿ ಇಷ್ಟು ಸುಖವಿದೆ ಎನ್ನುವುದು ಅದನ್ನು ನಿಧಾನ ಮಾಡಿದಾಗಲೇ ಗೊತ್ತಾಗುವುದು. ಎರಡು ದೀಪಾವಳಿಯಿಂದ ಎಲೆಯ ತುದಿ ಬಿಚ್ಚಿ ಹೊಲಿದಿಲ್ಲ.

ಬದಲಾಯಿಸುವುದು ಐದು ನಿಮಿಷದ ಕೆಲಸ. ಮೊದಲು ಪ್ಲಗ್ಗು ತೆಗೆಯಿರಿ. ಮೋಟಾರಿನ ಬೋಲ್ಟು ಸಡಿಲಿಸಿ ಮೇಲೆ ಸರಿಸಿ ರಬ್ಬರ್ ಬೆಲ್ಟು ಕಳಚಿ, ಗಾಲಿಗೆ ಚರ್ಮದ ಬೆಲ್ಟು ಏರಿಸಿ. ರಬ್ಬರ್ ಬೆಲ್ಟು ಹಾಗೇ ಬಿಟ್ಟು ಕಾಲಿನಲ್ಲಿ ತುಳಿದರೆ ಮೋಟಾರನ್ನೂ ಕಾಲೇ ಎಳೆಯಬೇಕಾಗುತ್ತದೆ, ಅರ್ಧ ಗಂಟೆಗೆ ಮೊಣಕಾಲು ಹಿಡಿಯುತ್ತದೆ. ಹೊಲಿಗೆ ಶುರು ಮಾಡುವಾಗ ಗಾಲಿಯನ್ನು ಕೈಯಿಂದ ನಮ್ಮ ಕಡೆಗೇ ತಿರುಗಿಸಿ ಕಾಲು ಕೂಡಿಸಬೇಕು. ಹಿಂದಕ್ಕೆ ತಿರುಗಿದರೆ ಬಟ್ಟೆಯಡಿ ದಾರ ಗಂಟು ಹಾಕಿಕೊಳ್ಳುತ್ತದೆ. ಮಳೆಗಾಲದ ತೇವಕ್ಕೆ ಚರ್ಮದ ಬೆಲ್ಟು ಸಡಿಲಾಗಿ ಜಾರುತ್ತದೆ. ಒಂದು ತುದಿ ಅರ್ಧ ಇಂಚಿಗಿಂತ ಕಡಿಮೆ ಕತ್ತರಿಸಿ, ಹೊಸ ತೂತು ಮಾಡಿ ಮತ್ತೆ ತಂತಿಯ ಕೊಂಡಿ ಹಾಕಿದರಾಯಿತು. ಅದಕ್ಕೆ ಎಣ್ಣೆ ಸವರಬೇಡಿ.

ಮಷಿನ್ನಿಗೆ ಎಣ್ಣೆಯೆಂದರೆ ಬಿಳಿ ಮಷಿನ್ ಎಣ್ಣೆ ಮಾತ್ರ. ಅಡುಗೆಮನೆಯ ಕೊಬ್ಬರಿ ಎಣ್ಣೆಯ ಆಸೆ ಬೇಡವೇ ಬೇಡ. ಅದು ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ಧಾರವಾಡದ ಡಿಸೆಂಬರ್ ಮುಂಜಾನೆ ಗಾಲಿ ಅಲ್ಲಾಡುವುದಿಲ್ಲ. ದಿನದ ಹೊಲಿಗೆ ಮುಗಿದ ಮೇಲೆ ಸೂಜಿಯ ಕೆಳಗಿನ ಪ್ಲೇಟು ಬಿಚ್ಚಿ, ಬಟ್ಟೆ ಸರಿಸುವ ಹಲ್ಲುಗಳ ನಡುವಿನ ಖಣದ ಎಳೆಗಳನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಎರಡು ಹನಿ ಎಣ್ಣೆ ಬಿಟ್ಟು, ಚಿಂದಿ ಬಟ್ಟೆಯ ಮೇಲೆ ಹತ್ತು ಹೊಲಿಗೆ ಓಡಿಸಿ ಮುಚ್ಚಿಡಿ. ಇದನ್ನು ತಪ್ಪಿಸಿದರೆ ಮರುದಿನದ ಮೊದಲ ಎಲೆಯ ಮೇಲೆ ಕಪ್ಪು ಎಣ್ಣೆಯ ಚುಕ್ಕೆ ಖಚಿತ.

ಕುಂಚಿಗಿಯ ಕುತ್ತಿಗೆಯ ತಿರುವಿಗೂ ಕಾಲಿನ ಬೆಲ್ಟೇ. ಅಸ್ತರದ ತಿರುವಿಗೆ ಅರ್ಧ ಇಂಚಿಗೊಂದು ಕಚ್ಚು ಹಾಕಿ ಮಗುಚಿದರೆ ಕೂಸಿನ ಕತ್ತಿಗೆ ಗಂಟು ಒತ್ತುವುದಿಲ್ಲ. ಕೌದಿಯನ್ನು ಮಾತ್ರ ಎರಡರಲ್ಲೂ ಹೊಲಿಯಬೇಡಿ. ಪ್ರೆಷರ್ ಫೂಟು ಮೇಲಿನ ಸೀರೆಯ ಪದರವನ್ನು ಮುಂದೆ ತಳ್ಳುತ್ತ ಹೋಗುತ್ತದೆ, ಕೊನೆಯ ಅಂಚಿನಲ್ಲಿ ಬಟ್ಟೆ ಸುಕ್ಕುಗಟ್ಟಿ ನಿಲ್ಲುತ್ತದೆ. ಸುತ್ತ ಒತ್ತಿ ಹೊಲಿದ ಕೌದಿ ರಟ್ಟಿನಂತೆ ಗಟ್ಟಿಯಾಗುತ್ತದೆ. ಕೈಯ ಟಾಕಿಯೇ ಅದಕ್ಕೆ ಮೆತ್ತಗಿನ ಗುಣ ಕೊಡುವುದು.

ಹಾಗಾದರೆ ಮೋಟಾರು ಕೊಳ್ಳಬೇಕೇ? ಬರಿಯ ತೋರಣ, ಕುಂಚಿಗಿ ಹೊಲಿಯುವವರು ಆ ಹಣದಲ್ಲಿ ಚಲೋ ಕತ್ತರಿ, ನೇಯ್ದ ಫ್ಯೂಸಿಂಗ್, ಎರಡು ಡಜನ್ ಸೂಜಿ ತರಲಿ. ಝಾಲರು, ಪರದೆ, ಚೀಲ ಹೊಲಿಯುವ ಮನೆಯಾದರೆ ತನ್ನಿ, ಚರ್ಮದ ಬೆಲ್ಟು ಮಾತ್ರ ಬಿಸಾಡಬೇಡಿ. ಕಾಲಿನ ಸ್ಟ್ಯಾಂಡು ಇಲ್ಲದ, ಬರಿ ಮೋಟಾರಿನ ಮಷಿನ್ನನ್ನು ಈ ಕೆಲಸಕ್ಕೆ ತರಬೇಡಿ.

ಈಗ ನಾಲ್ಕನೇ ವರ್ಷಕ್ಕೆ ಮೋಟಾರಿನೊಳಗೆ ನೀಲಿ ಕಿಡಿ ಹೆಚ್ಚಾಗಿ ಕಾಣುತ್ತಿದೆ. ಕಾರ್ಬನ್ ಬ್ರಷ್ಷು ಸವೆದಿರುವುದರ ಗುರುತು ಅದು. ಎರಡೂ ಬದಿಯ ಪ್ಲಾಸ್ಟಿಕ್ ತಿರುಪು ಬಿಚ್ಚಿದರೆ ಬ್ರಷ್ಷು ಸ್ಪ್ರಿಂಗಿನ ಜೊತೆ ಹೊರಬರುತ್ತದೆ. ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯ ಜೋಡಿ ತನ್ನಿ, ಒಂದನ್ನೇ ಬದಲಾಯಿಸಬೇಡಿ. ಗಣಪತಿಯ ಝಾಲರು ಶುರುವಾಗುವ ಮುನ್ನ ಆ ಕೆಲಸ ಮುಗಿಯಬೇಕು. ಎಲೆಗಳು ಅದಕ್ಕೆ ಕಾಯುವುದಿಲ್ಲ, ಪಂಚಮಿಯ ತೋರಣದ್ದು ಹನ್ನೊಂದೂ ಕಾಲಿನ ಬೆಲ್ಟಿನ ಮೇಲೇ ಹೊಲಿದಾಗಿದೆ.