ಬಯೋಟಿನ್ ಮಾತ್ರೆ ನುಂಗುವ ಮುನ್ನ ಇದನ್ನು ಓದಿ

ಬಾಚಣಿಗೆಗೆ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಎಸೆಯುವುದು ಹೆಂಗಸರಿಗೆ ದಿನದ ಕೆಲಸ. 50ರಿಂದ 100 ಕೂದಲು ದಿನವೂ ಉದುರುವುದು ಸಹಜವೇ. ಆದರೆ ಆ ಉಂಡೆ ನಿಂಬೆಹಣ್ಣಿನಷ್ಟಾಗಿ, ಬಚ್ಚಲಿನ ಜಾಲರಿಯೂ ಕಟ್ಟಿಕೊಳ್ಳತೊಡಗಿದಾಗ ನಾನು ಮೊದಲು ಶಾಂಪೂವನ್ನು ಬೈದೆ, ಆಮೇಲೆ ಜಾಹೀರಾತು ನಂಬಿ ಬಯೋಟಿನ್ ಎಂಬ ವಿಟಮಿನ್ನಿನ ಮಾತ್ರೆ ತರಿಸಿಕೊಂಡೆ. ಒಂದೊಂದರಲ್ಲೂ 10 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ ಸಾಕಾಗುವುದು ಸುಮಾರು 30 ಮೈಕ್ರೋಗ್ರಾಂ. ಅದರ 300 ಪಟ್ಟಿಗೂ ಹೆಚ್ಚು ನುಂಗುತ್ತಿದ್ದೇನೆಂಬ ಲೆಕ್ಕವನ್ನು ನಾನು ಹಾಕಲೇ ಇಲ್ಲ.

ಉದುರುವುದು ನಿಲ್ಲಲಿಲ್ಲ. ಜೊತೆಗೆ ಸುಸ್ತು, ಮಲಬದ್ಧತೆ, ಬೆಳಿಗ್ಗೆ ಊದಿಕೊಂಡ ಮುಖ. ವೈದ್ಯರು ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ವರದಿ ಸರಿಯಾಗಿತ್ತು. ‘ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತೀರಾ?’ ಎಂದು ಅವರು ಕೇಳಿದ್ದಕ್ಕೆ ಇಲ್ಲವೆಂದೆ. ಸುಳ್ಳು ಹೇಳಬೇಕೆಂದಲ್ಲ, ವಿಟಮಿನ್ ಕೂಡ ಔಷಧಿಯ ಲೆಕ್ಕಕ್ಕೆ ಬರುತ್ತದೆಂದು ನನಗೆ ತೋಚಿರಲಿಲ್ಲ.

ಐದು ತಿಂಗಳು ಹೀಗೇ ಕಳೆದ ಮೇಲೆ ಹೋದ ಚರ್ಮವೈದ್ಯೆ, ಐವತ್ತರಷ್ಟು ಕೂದಲನ್ನು ಒಟ್ಟಾಗಿ ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದು ಕೈಗೆ ಬಂದದ್ದನ್ನು ಎಣಿಸಿದರು, ಹೊರತುದಿಯಲ್ಲಿ ತೆಳುವಾಗಿದ್ದ ನನ್ನ ಹುಬ್ಬನ್ನು ನೋಡಿದರು, ನಂತರ ಚೀಲದಲ್ಲಿರುವ ಮಾತ್ರೆಗಳನ್ನೆಲ್ಲ ತೆಗೆದು ಮೇಜಿನ ಮೇಲಿಡಲು ಹೇಳಿದರು. ಬಯೋಟಿನ್ ಡಬ್ಬಿ ಕಂಡ ಕೂಡಲೇ ಅದನ್ನು ನಿಲ್ಲಿಸಿ, ಕೆಲವು ದಿನ ಬಿಟ್ಟು ಮತ್ತೆ ರಕ್ತ ಕೊಡಲು ಸೂಚಿಸಿದರು. ಈ ಸಲ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು) ಮಿತಿಗಿಂತ ಬಹಳ ಮೇಲಿತ್ತು, ಅಂದರೆ ಥೈರಾಯ್ಡ್ ಸಾಕಷ್ಟು ಕೆಲಸ ಮಾಡುತ್ತಿರಲಿಲ್ಲ. ಹಲವು ಪ್ರಯೋಗಾಲಯಗಳ ಪರೀಕ್ಷಾ ವಿಧಾನವೇ ಬಯೋಟಿನ್ನಿನ ಅಂಟುಗುಣವನ್ನು ಬಳಸಿಕೊಳ್ಳುವುದರಿಂದ, ರಕ್ತದಲ್ಲಿ ಅದು ವಿಪರೀತವಿದ್ದರೆ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ಎಂದು ತೋರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು.

ಬಯೋಟಿನ್ ಕೊರತೆಯಿಂದ ಕೂದಲು ಉದುರುವುದು ಅಪರೂಪ. ಕಬ್ಬಿಣಾಂಶದ ಕೊರತೆ, ಥೈರಾಯ್ಡ್, ಹೆರಿಗೆ, ಜೋರು ಜ್ವರ, ಏಕಾಏಕಿ ತೂಕ ಇಳಿಸಿದ್ದು ಇವೇ ಹೆಚ್ಚು. ಹೆರಿಗೆಯೋ ಜ್ವರವೋ ಆದ ಎರಡು-ಮೂರು ತಿಂಗಳಿಗೆ ಉದುರುವುದು ಶುರುವಾಗುವುದರಿಂದ ನಾವು ನೆನ್ನೆಯ ಶಾಂಪೂವನ್ನು ದೂರುತ್ತೇವೆ. ಬೈತಲೆ ಅಗಲವಾಗುತ್ತ ಹೋದರೆ ಅದು ಬೇರೆಯೇ ತೊಂದರೆ; ಅದಕ್ಕೆ ಮಿನಾಕ್ಸಿಡಿಲ್ ಎಂಬ ಔಷಧಿಯನ್ನು ನೆತ್ತಿಗೆ ಹಚ್ಚಲು ಹೇಳುತ್ತಾರೆ. ಮೊದಲ ಕೆಲವು ವಾರ ಇನ್ನಷ್ಟು ಉದುರಬಹುದು, ಗರ್ಭಿಣಿಯರು ಅದನ್ನು ಮುಟ್ಟಬಾರದು.

ನೀವು ಈಗಾಗಲೇ ಬಯೋಟಿನ್ ನುಂಗುತ್ತಿದ್ದರೆ ರಕ್ತ ಕೊಡುವ ಮುನ್ನ ವೈದ್ಯರಿಗೆ ಡಬ್ಬಿಯನ್ನೇ ತೋರಿಸಿ, ಕನಿಷ್ಠ ಎರಡು ದಿನವಾದರೂ ನಿಲ್ಲಿಸಿ. ಪ್ರಮಾಣ ಹೆಚ್ಚಿದ್ದರೆ ಇನ್ನೂ ಮುಂಚೆ ನಿಲ್ಲಿಸಬೇಕಾಗಬಹುದು. ನಾನು ಥೈರಾಯ್ಡ್ ಮಾತ್ರೆ ಶುರುಮಾಡಿ ಆರು ತಿಂಗಳಾಯಿತು. ಹಣೆಯ ಅಂಚಿನಲ್ಲಿ ಮೋಟು ಕೂದಲು ಎದ್ದಿದೆ, ಜಡೆ ಮಾತ್ರ ಇನ್ನೂ ಮೊದಲಿನ ದಪ್ಪಕ್ಕೆ ಬಂದಿಲ್ಲ.