15ಡಬ್ಲ್ಯೂ-40 ಸಿಕೆ-4 ಆಯಿಲ್: ಲಾರಿಯಲ್ಲಿ ಎರಡು ವರ್ಷ ಓಡಿಸಿದ ಮೇಲೆ

ಮೊದಲು ಬೈಗುಳ ಮುಗಿಸಿಬಿಡುತ್ತೇನೆ. ಈ ಆಯಿಲ್‌ನ 20 ಲೀಟರ್ ಬಕೆಟ್‌ಗೆ ಮೂತಿ ಕೂರಿಸಿದವರು ಜೀವನದಲ್ಲಿ ಒಮ್ಮೆಯೂ ಲಾರಿಗೆ ಆಯಿಲ್ ಹಾಕಿರಲಿಕ್ಕಿಲ್ಲ. ಬಕೆಟ್ ಬಗ್ಗಿಸಿದ ಕೂಡಲೇ ಗುಳುಂ ಗುಳುಂ ಅಂತ ಉಗುಳುತ್ತದೆ. ಮೊದಲ ಸಲ ಹಾಕುವಾಗ ಅರ್ಧ ಲೀಟರ್ ಟ್ಯಾಪೆಟ್ ಕವರ್ ಮೇಲೆ ಚೆಲ್ಲಿತು. ಅದು ಬಿಸಿಯಾದಾಗಲೆಲ್ಲ ಹೊಗೆ. ಒಂದು ವಾರ ಕ್ಯಾಬಿನ್ ತುಂಬ ಅದೇ ವಾಸನೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನದು ಆರು ಸಿಲಿಂಡರ್, ಟರ್ಬೊ ಇರುವ ಹಳೆಯ ಗಾಡಿ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇಲ್ಲ. ಫಿಲ್ಟರ್ ಸೇರಿ 32 ಲೀಟರ್ ಆಯಿಲ್ ಕುಡಿಯುತ್ತದೆ. ಎರಡು ಬಕೆಟ್ ತಂದರೆ ಉಳಿಯುವ 8 ಲೀಟರ್ ಟಾಪ್ ಅಪ್‌ಗೆ ಆಗುತ್ತದೆ. ಮೊದಲು ಹಳೆಯ ದರ್ಜೆಯ ಸಾದಾ ಸಿಐ-4 ಆಯಿಲ್ ಹಾಕುತ್ತಿದ್ದೆ, 20,000 ಕಿಲೋಮೀಟರ್‌ಗೆ ಬದಲಾಯಿಸುತ್ತಿದ್ದೆ. ಹೊಸದು ಅದರ ಒಂದೂವರೆ ಪಟ್ಟು ದುಬಾರಿ. 30,000 ಓಡಿಸಿದರೆ ಲೆಕ್ಕ ಸಮ ಆಗುತ್ತದೆ ಅನ್ನುವ ಆಸೆಯಿಂದ ತಂದೆ. ಗಾಡಿಯ ಪುಸ್ತಕ ಅಷ್ಟು ದೂರಕ್ಕೆ ಒಪ್ಪುತ್ತದೆ, ಆದರೆ ಆಯಿಲ್ ಟೆಸ್ಟ್ ಮಾಡಿಸುತ್ತಿರಬೇಕು ಅನ್ನುತ್ತದೆ.

ಬಕೆಟ್ ಮೇಲಿನ ಬಣ್ಣದ ಬರಹ ನಾನು ಓದುವುದಿಲ್ಲ. ಆಯಿಲ್‌ಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಎಪಿಐನ ದುಂಡನೆಯ ಗುರುತು ಮಾತ್ರ ನೋಡುತ್ತೇನೆ. ಮೇಲಿನ ಅರ್ಧದಲ್ಲಿ ಸಿಕೆ-4 ಅನ್ನುವ ದರ್ಜೆ, ನಡುವೆ 15ಡಬ್ಲ್ಯೂ-40 ಅನ್ನುವ ದಪ್ಪದ ಗ್ರೇಡ್, ಅಷ್ಟು ಸಾಕು. ಸಿಕೆ-4 ಬಂದದ್ದು 2016ರ ಡಿಸೆಂಬರ್‌ನಲ್ಲಿ. ಸಿಐ-4, ಸಿಜೆ-4 ಕೇಳುವ ಎಂಜಿನ್‌ಗೂ ನಡೆಯುತ್ತದೆ. ಅದರ ಜೊತೆಯಲ್ಲೇ ಬಂದ ಎಫ್‌ಎ-4 ಬೇರೆ ಜಾತಿ, ತೆಳು ಆಯಿಲ್. ಎಂಜಿನ್ ಮಾಡಿದವರು ಹಾಕಿ ಅಂತ ಹೇಳದೆ ಅದನ್ನು ಹಾಕಬೇಡಿ. ಡಿಪಿಎಫ್ ಇರುವ ಗಾಡಿಯವರು ಬೂದಿ ಕಡಿಮೆ ಇರುವ ಆಯಿಲ್ ಬಿಟ್ಟು ಬೇರೆಯದನ್ನು ಮುಟ್ಟಲೇಬಾರದು. ಮಸಿಯನ್ನು ಡಿಪಿಎಫ್ ಸುಟ್ಟುಕೊಳ್ಳುತ್ತದೆ, ಆಯಿಲ್‌ನ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ.

10ಡಬ್ಲ್ಯೂ-30 ಯಾಕೆ ತರಲಿಲ್ಲ ಅಂತ ಕೇಳುತ್ತಾರೆ. ಡಬ್ಲ್ಯೂ ಮುಂದಿನ ಸಂಖ್ಯೆ ಚಳಿಯಲ್ಲಿ ಸ್ಟಾರ್ಟ್ ಮಾಡುವ ಲೆಕ್ಕ. 15ಡಬ್ಲ್ಯೂವನ್ನು ಪರೀಕ್ಷೆ ಮಾಡುವುದೇ ಮೈನಸ್ 20 ಡಿಗ್ರಿಯಲ್ಲಿ. ಅಷ್ಟು ಚಳಿಯನ್ನು ನನ್ನ ಗಾಡಿ ಕಂಡಿಲ್ಲ. ಲೋಡ್ ಇಟ್ಟುಕೊಂಡು ಏರು ಹತ್ತುವಾಗ ಬೇಕಾಗುವುದು ಕೊನೆಯ 40, ಅಂದರೆ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಇರುತ್ತದೆ ಅನ್ನುವ ಲೆಕ್ಕ.

ನಿಜ ಹೇಳಬೇಕೆಂದರೆ ನನಗೆ ಇಷ್ಟದ ಕೆಲಸ ಬೆಳಗ್ಗೆ ಗೇಜ್ ಕಡ್ಡಿ ನೋಡುವುದು. ರಾತ್ರಿಯೆಲ್ಲ ಆಯಿಲ್ ಇಳಿದು ತಳದಲ್ಲಿ ನಿಂತಿರುತ್ತದೆ. ಕಡ್ಡಿ ಎಳೆ, ಹಳೆ ಬನಿಯನ್ ಚೂರಿನಲ್ಲಿ ಒರೆಸು, ಮತ್ತೆ ತೂರಿಸು, ನಿಧಾನಕ್ಕೆ ತೆಗೆ. ಒಂದು ಹನಿ ಬೆರಳ ನಡುವೆ ಉಜ್ಜುತ್ತೇನೆ, ಮೂಸಿ ನೋಡುತ್ತೇನೆ. ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ಕಡೆ ಅನುಮಾನ. ಬಣ್ಣಕ್ಕೆ ಹೆದರಬೇಡಿ. ಹೊಸ ಆಯಿಲ್ ಎರಡೇ ದಿನದಲ್ಲಿ ಕಾಡಿಗೆ ಆಗುತ್ತದೆ. ಮಸಿಯನ್ನು ಗಂಟು ಕಟ್ಟಲು ಬಿಡದೆ ತನ್ನಲ್ಲೇ ತೇಲಿಸಿಕೊಂಡು ಓಡಾಡುವುದು ಅದರ ಕೆಲಸ. ಬೆಳಗಿನ ಐದು ನಿಮಿಷ ಯಾರೂ ಮಾತಾಡಿಸಬಾರದು ನನ್ನನ್ನು.

ಮೊದಲ ಸಲ ಧೈರ್ಯ ಸಾಲದೆ 20,000ಕ್ಕೇ ಬದಲಾಯಿಸಿ ಹಳೆ ಆಯಿಲ್‌ನ ಸ್ಯಾಂಪಲ್ ಟೆಸ್ಟ್‌ಗೆ ಕಳಿಸಿದೆ. ಎಂಜಿನ್ ಸವೆದು ಸೇರುವ ಕಬ್ಬಿಣ 27 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 27, ಸಿಲಿಕಾನ್ 8, ಅಲ್ಯೂಮಿನಿಯಂ 3. ಖುಷಿಯಾಯಿತು. ಎರಡನೇ ಸಲ 30,000 ಓಡಿಸಿದೆ. ಕಬ್ಬಿಣ 74 ಅಂತ ಬಂತು! ದೂರ ಒಂದೂವರೆ ಪಟ್ಟು, ಸವೆತ ಮಾತ್ರ ಮೂರು ಪಟ್ಟು ಹತ್ತಿರ. ಅವತ್ತೇ ಈ ವಿಮರ್ಶೆ ಬರೆದಿದ್ದರೆ ಒಂದು ಸ್ಟಾರ್ ಕೊಟ್ಟು ಎದ್ದು ಹೋಗುತ್ತಿದ್ದೆ. ದುಡ್ಡು ಜಾಸ್ತಿ ಕೊಟ್ಟು ಎಂಜಿನ್ ತಿಂದುಕೊಂಡೆನಲ್ಲ ಅಂತ ಎರಡು ರಾತ್ರಿ ನಿದ್ದೆ ಬರಲಿಲ್ಲ. ಡೈರಿಯಲ್ಲಿ ದೊಡ್ಡದಾಗಿ ಬರೆದೆ: ಈ ಆಯಿಲ್ ಇನ್ನು ಬೇಡ.

ಅದೇ ಹಾಳೆಯಲ್ಲಿ ಸಿಲಿಕಾನ್ 31 ಇತ್ತು. ಸಿಲಿಕಾನ್ ಅಂದರೆ ಸಾಮಾನ್ಯವಾಗಿ ದೂಳು. ಮೆಕ್ಯಾನಿಕ್ ಒಪ್ಪಲಿಲ್ಲ. ಮೊನ್ನೆ ಎಂಜಿನ್ ತಳದ ಆಯಿಲ್ ಸಂಪ್‌ಗೆ ಹೊಸ ಗಮ್ ಹಚ್ಚಿದ್ದೀವಲ್ಲ, ಅದರ ಸಿಲಿಕಾನ್ ಬಿಟ್ಟಿದೆ ಅಂದರು. ಅದೂ ಆಗುವ ಮಾತೇ. ಆದರೆ ಗಮ್ ಬಿಟ್ಟಿದ್ದರೆ ಸಿಲಿಕಾನ್ ಒಂದೇ ಏರಬೇಕು. ನನ್ನ ಹಾಳೆಯಲ್ಲಿ ಅಲ್ಯೂಮಿನಿಯಂ ಕೂಡ 12ಕ್ಕೆ ಹೋಗಿತ್ತು. ಮಣ್ಣಲ್ಲಿ ಎರಡೂ ಇರುತ್ತವೆ. ಕೂಲಂಟ್‌ನಲ್ಲಿ ಇರುವ ಸೋಡಿಯಂ, ಪೊಟ್ಯಾಸಿಯಂ ಏರಿರಲಿಲ್ಲ, ಹಾಗಾಗಿ ಅದು ಸೇರಿಲ್ಲ. ಉಳಿದದ್ದು ಗಾಳಿಯ ದಾರಿ.

ಏರ್ ಫಿಲ್ಟರ್ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಟೈಮ್‌ಗೆ ಸರಿಯಾಗಿ ಬದಲಾಯಿಸುವವನು. ಫಿಲ್ಟರ್ ಚೆನ್ನಾಗೇ ಇತ್ತು. ಅದರಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿ ಒಳಗೆ ಬೆರಳಾಡಿಸಿದೆ. ಬೆರಳಿಗೆ ಪೌಡರ್ ಹಾಗೆ ದೂಳು ಅಂಟಿತು. ಕೆಳಗಿನ ತಿರುವಿನ ಕ್ಲಿಪ್ ಸಡಿಲ. ಕೈಯಲ್ಲೇ ತಿರುಗುತ್ತಿತ್ತು! ಫಿಲ್ಟರ್ ದಾಟಿದ ಮೇಲಿನ ಜಾಗ ಅದು. ಅಲ್ಲಿ ಎಳೆದ ದೂಳಿಗೆ ತಡೆಯೇ ಇಲ್ಲ. ನೇರ ಸಿಲಿಂಡರ್‌ಗೆ ಹೋಗಿ ರಿಂಗು ಲೈನರ್ ಉಜ್ಜಿದೆ. ಎಷ್ಟು ದಿನದಿಂದ ಅಂತ ಕೇಳಬೇಡಿ.

ಕ್ಲಿಪ್ ಬದಲಾಯಿಸಿದೆ. ಆಯಿಲ್ ಅದೇ ಹಾಕಿದೆ, ಬೇರೆ ಹಾಕಿದರೆ ತಪ್ಪು ಯಾರದ್ದು ಅಂತ ತಿಳಿಯುವುದು ಹೇಗೆ? ಮತ್ತೆ 30,000 ಓಡಿಸಿದೆ. ಕಬ್ಬಿಣ 36, ಸಿಲಿಕಾನ್ 9. ಡೀಸೆಲ್ ಸುಟ್ಟಾಗ ಹುಟ್ಟುವ ಆಸಿಡ್‌ಅನ್ನು ಕೊಲ್ಲುವ ಕಸುವು, ಅಂದರೆ ಟಿಬಿಎನ್, ಹೊಸತರಲ್ಲಿ 10 ಇದ್ದದ್ದು 5 ಉಳಿದಿತ್ತು. ಇನ್ನೂ ಓಡಿಸಬಹುದಿತ್ತೇನೋ. ಅರ್ಧಕ್ಕೆ ಇಳಿದ ಮೇಲೆ ನಾನು ಆಸೆ ಮಾಡುವುದಿಲ್ಲ. ಡೈರಿಯಲ್ಲಿ ಬರೆದದ್ದನ್ನು ಹೊಡೆದು ಹಾಕಿದೆ.

ಟಾಪ್ ಅಪ್ ಮೊದಲು 10,000ಕ್ಕೆ ಎರಡು ಲೀಟರ್ ಬೇಕಿತ್ತು, ಈಗ ಒಂದೂವರೆ. ನಾನು ಕಡ್ಡಿ ಓದುವುದರಲ್ಲೇ ಅಷ್ಟು ಆಚೀಚೆ ಇರಬಹುದು, ಅದಕ್ಕೆ ಮಾರ್ಕ್ ಕೊಡುವುದಿಲ್ಲ. ಆಯಿಲ್ ದುಡ್ಡಲ್ಲಿ ಉಳಿತಾಯ ಸೊನ್ನೆ. ಮೂರು ಸಲದ ಜಾಗದಲ್ಲಿ ಎರಡೇ ಸಲ ಗಾಡಿ ನಿಲ್ಲಿಸುವುದು, ಒಂದು ಫಿಲ್ಟರ್, ಅರ್ಧ ದಿನದ ಬಾಡಿಗೆ, ಲಾಭ ಅಷ್ಟೇ. ಅದರಲ್ಲಿ ಟೆಸ್ಟಿನ ಖರ್ಚು ಕಳೆಯಿರಿ. ನನಗೆ ಸಾಕು. ಟಿಪ್ಪರ್ ಓಡಿಸುವವರಿಗೆ ನನ್ನ 30,000ದ ಲೆಕ್ಕ ಬೇಡ. ಗಾಡಿ ನಿಂತಲ್ಲೇ ಎಂಜಿನ್ ಗಂಟೆಗಟ್ಟಲೆ ಓಡುತ್ತಿರುತ್ತದೆ, ಮೀಟರ್ ಏರುವುದಿಲ್ಲ, ಆಯಿಲ್ ಸುಮ್ನೆ ಹಳೆಯದಾಗುತ್ತದೆ. ಅವರು ಗಂಟೆ ಲೆಕ್ಕ ಇಡಬೇಕು.

ಬಕೆಟ್ ಕಥೆ ಬಾಕಿ ಇತ್ತು. ಕಳೆದ ಸಲ ಕ್ಲೀನರ್ ಹುಡುಗ ನನ್ನ ಕೈಯಿಂದ ಬಕೆಟ್ ಕಿತ್ತುಕೊಂಡು ತಿರುಗಿಸಿ ಹಿಡಿದ, ಮೂತಿ ಕೆಳಗಲ್ಲ, ಮೇಲಿನ ಅಂಚಿಗೆ ಬರುವ ಹಾಗೆ. ಗಾಳಿ ಒಳಗೆ ಹೋಗುತ್ತಿತ್ತು, ಆಯಿಲ್ ಜೇನಿನ ಹಾಗೆ ಇಳಿಯಿತು. ಒಂದು ಹನಿ ಚೆಲ್ಲಲಿಲ್ಲ. ಎರಡು ವರ್ಷ ನಾನು ಚೆಲ್ಲುವುದನ್ನು ನೋಡಿಕೊಂಡು ನಗುತ್ತಿದ್ದನಂತೆ. ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಮುಚ್ಚಳದ ಸೀಲ್ ರಿಂಗ್ ಎಳೆದಾಗ ಬೆರಳು ಕೊಯ್ದದ್ದಕ್ಕೆ ಒಂದು ಕಟ್.